ಏಳರ ಮೇಲೆ ಹತ್ತು

ನೆನಪಿನ ತರಗತಿಯ ಮೊದಲ ದಿನ ಪಾಠ ಹೇಳುವ ಉಸ್ತಾದಾ ವಿಸಾಲ್ ನಮ್ಮನ್ನು ಕೇಳಿದಳು: ಏನನ್ನು ನೆನಪಿಟ್ಟುಕೊಳ್ಳೋಣ ಅಂತ ಬಂದಿರಿ? ನಾವೆಲ್ಲ ಎಚ್‌ಐವಿಯ ಹಳೇ ನೆಂಟರು. ಮಾತ್ರೆಗಳು ವೈರಸ್ಸನ್ನು ಮಲಗಿಸಿದ್ದವು. ತಲೆಯಲ್ಲಿ ಮಾತ್ರ ಅಲ್ಲಲ್ಲಿ ತೂತು ಬಿದ್ದಿತ್ತು. "ಕನ್ನಡಕ ಎಲ್ಲಿಟ್ಟೆ ಅನ್ನೋದು" ಎಂದೆ ನಾನು. ಅದು ನನ್ನ ಮೂಗಿನ ಮೇಲೇ ಇತ್ತು.

ಪಕ್ಕದಲ್ಲಿದ್ದ ಅಯಾಶಿ ನಗಲಿಲ್ಲ. "ಇಸ್ಪೀಟಿನೆಲೆ" ಎಂದ. "ಒಬ್ಬನ್ನ ಸೋಲಿಸಬೇಕು. ಅವನ ಮುಖಕ್ಕೆ ತರಬೇತಿ ಬೇಡ, ನೆನಪಿದೆ."

ಅಯಾಶಿ ನಮ್ಮ ಮೊರಾಕೊದ ತೆತುವಾನ್ ಊರಿನ ಹಳೇಪೇಟೆಯ ದರ್ಜಿ, ಜಲ್ಲಾಬ ಅನ್ನೋ ಟೋಪಿ ಕೂಡಿಸಿದ ನಿಲುವಂಗಿ ಹೊಲಿಯುವವ. ಮರೆವು ಹತ್ತಿದ ಮೇಲೆ ಒಂದೇ ಜಲ್ಲಾಬಕ್ಕೆ ಎರಡು ಟೋಪಿ ಹೊಲಿದುಬಿಟ್ಟ. "ಇನ್ನೊಂದು ತಲೆ ನೀನೇ ಕೊಡ್ತೀಯಾ?" ಎಂದು ಗಿರಾಕಿ ಕೇಳಿದಾಗ ತಾನೂ ನಕ್ಕ. ಕಾಯಿಲೆ ತಿಳಿದು ಹೆಂಡತಿ ತವರಿಗೆ ಹೋದಾಗಲೂ ಸಹಿಸಿಕೊಂಡ. ಅವನು ಸಹಿಸದೇ ಹೋದದ್ದು ಒಂದು ಪ್ಲಾಸ್ಟಿಕ್ ಲೋಟವನ್ನು.

ಹಾಜ್ ಮುಫದ್ದಲ್ ಜತೆ ಅವನು ವರ್ಷಾನುಗಟ್ಟಲೆ ಚಹಾದಂಗಡಿಯ ಒಂದೇ ಮೇಜಿನಲ್ಲಿ ರೋಂಡಾ ಅನ್ನೋ ಇಸ್ಪೀಟಾಟ ಆಡಿದವ. ಕಾಯಿಲೆಯ ಸುದ್ದಿ ಹಬ್ಬಿದ ವಾರ ಹಾಜ್ ಚಹಾದವನ ಕಿವಿಯಲ್ಲಿ ಏನೋ ಊದಿದ. ಎಲ್ಲರಿಗೂ ಗಾಜಿನ ಗ್ಲಾಸಿನಲ್ಲಿ ಪುದೀನ ಚಹಾ ಬಂತು, ಅಯಾಶಿಗೊಬ್ಬನಿಗೆ ಪ್ಲಾಸ್ಟಿಕ್ಕಿನಲ್ಲಿ. ಬಿಸಿಗೆ ಲೋಟ ಮುದುಡಿತು, ಬೆರಳು ಸುಟ್ಟವು. "ತಪ್ಪು ತಿಳೀಬೇಡ, ತಮ್ಮಾ" ಎಂದ ಹಾಜ್, "ಎರಡೂ ಕೈಲಿ ಹಿಡ್ಕೋ." ಮೇಜು ಪೂರ್ತಿ ನಕ್ಕಿತು. ಅಯಾಶಿ ಎದ್ದು ಹೋದ.

ತರಗತಿ ಶುರುವಾಯಿತಲ್ಲ, ಮೊದಲ ದಿನವೇ ಯಡವಟ್ಟು. ಕಂಪ್ಯೂಟರ್ ಪರದೆಯ ಮೇಲೆ ಇಸ್ಪೀಟಿನ ಏಳರ ಎಲೆ ಬಂತು. ಮುಂದಿನದು ಯಾವುದು? ಅಯಾಶಿ ಹತ್ತು ಒತ್ತಿದ, ಯಂತ್ರ ಕೆಂಪಗಾಯಿತು. ನಾನೂ ಹತ್ತೇ ಒತ್ತಿದೆ. ತರಗತಿಗೆ ತರಗತಿಯೇ ಹತ್ತು ಒತ್ತಿತು. ಯಂತ್ರದ ಲೆಕ್ಕದಲ್ಲಿ ನಮ್ಮೆಲ್ಲರ ಮಿದುಳೂ ಕೈಬಿಟ್ಟ ಕೇಸು.

"ಎಂಟು, ಒಂಬತ್ತು ಎಲ್ಲಿ ಹೋದವು?" ಉಸ್ತಾದಾ ಗಾಬರಿಯಾದಳು.

"ರೋಂಡಾ ಕಂತೆಯಲ್ಲಿ ಅವು ಯಾವಾಗ ಇದ್ದವು, ಮಗಳೇ?" ಎಂದ ಅಯಾಶಿ. "ಏಳರ ಮೇಲೆ ಹತ್ತು. ನಿನ್ನ ಕಂತೆಯೇ ಖೋಟಾ."

ಪಾಪ, ಓದಿದ ಹುಡುಗಿ, ಚಹಾದಂಗಡಿಯಲ್ಲಿ ಕೂತವಳಲ್ಲ. ಮರುದಿನ ನಮ್ಮ ಕಂತೆಯನ್ನೇ ತಂದಳು: ಕತ್ತಿ, ಕೋಲು, ಬಟ್ಟಲು, ಚಿನ್ನ, ಈ ನಾಲ್ಕು ಗುರುತಿನ ಎಲೆಗಳು. ಪ್ರತಿ ಅಂಕಿಗೂ ಇಷ್ಟವಾದ ಒಂದು ಚಿತ್ರ ಅಂಟಿಸಿಕೊಳ್ಳಿ ಎಂದಳು. ನಾನು ತಿಂಡಿಗಳನ್ನು ಅಂಟಿಸಿಕೊಂಡು ಹಸಿದೆ. ಅಯಾಶಿ ಎಲ್ಲ ಅಂಕಿಗೂ ಹಾಜ್‌ನನ್ನೇ ಅಂಟಿಸಿದ. ಮೂರು ಅವನ ಬೋಳುತಲೆ, ಏಳು ಮೂಗು, ಹತ್ತು ಹೊಟ್ಟೆ. ಮನಸ್ಸಿನಲ್ಲಿ ಹಾಜ್‌ನನ್ನು ತುಂಡು ತುಂಡು ಮಾಡಿ ಜೋಡಿಸುತ್ತ ಚಳಿಗಾಲ ಕಳೆದ. ಅಷ್ಟು ಶ್ರದ್ಧೆಯ ಶಿಷ್ಯ ತನಗೆ ಸಿಕ್ಕಿರಲಿಲ್ಲ ಎಂದು ಉಸ್ತಾದಾ ಹೊಗಳಿದಳು.

ಒಂದು ಶುಕ್ರವಾರ ಅಯಾಶಿ ನಮಾಜು, ಕುಸ್ಕುಸಿನ ಊಟ ಮುಗಿಸಿ ನನ್ನನ್ನೂ ಎಳೆದುಕೊಂಡು ಚಹಾದಂಗಡಿಗೆ ನಡೆದ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಲೋಟ ಇಟ್ಟ.

"ಸೋತವನಿಗೆ ಇದರಲ್ಲಿ ಚಹಾ, ಹಾಜ್."

"ಮನೆಗೆ ಹೋಗೋ ದಾರಿ ನೆನಪಿದೆಯೇನೋ ನಿಂಗೆ?" ಹಾಜ್ ಎಲೆ ಕಲೆಸಿಯೇಬಿಟ್ಟ. "ಹಾಕು. ಆಮೇಲೆ ಅಳಬೇಡ."

ಎದುರಾಳಿ ಇಳಿಸಿದ ಎಲೆಯನ್ನು ಅದೇ ಅಂಕಿಯಿಂದ ತಕ್ಷಣ ಎತ್ತಿದರೆ ಅದು ಹೊಡೆತ, ಅದಕ್ಕೆ ಹೆಚ್ಚಿನ ಅಂಕ. ಕೊನೆಯ ಹಂಚಿಕೆಯವರೆಗೂ ಇಬ್ಬರೂ ಸರಿಸಮ. ಒಬ್ಬೊಬ್ಬರ ಕೈಯಲ್ಲೂ ಒಂದೊಂದೇ ಎಲೆ ಉಳಿಯಿತು. ಅಯಾಶಿ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ಎರಡು ಮೂಗು ಹೋದವು. ಒಂದನ್ನ ನಾನು ಆಗಿಂದ ಹಿಡಿದು ಕೂತಿದ್ದೀನಿ. ಇನ್ನೊಂದು ಅವನ ಮುಖದ ಮೇಲಿದೆ."

ಹಾಜ್ ಬಟ್ಟಲಿನ ಏಳನ್ನು ಇಳಿಸಿದ. ಅಯಾಶಿ ಕತ್ತಿಯ ಏಳನ್ನು ಮೇಜು ಅದುರುವಂತೆ ಬಡಿದ.

ಚಹಾದವನು ಯಾರ ಅಪ್ಪಣೆಗೂ ಕಾಯದೆ ಲೋಟ ತುಂಬಿಸಿದ. ಮೇಜು ನಗಲಿಲ್ಲ. ಹಾಜ್ ಅರ್ಧ ಕುಡಿದಿಟ್ಟಿದ್ದ ಗಾಜಿನ ಗ್ಲಾಸನ್ನು ಅಯಾಶಿ ತನ್ನತ್ತ ಎಳೆದುಕೊಂಡು ಗಟಗಟ ಮುಗಿಸಿದ. "ನಿನ್ನ ಎಂಜಲು ನನಗೇನೂ ಮಾಡಲ್ಲ, ನನ್ನದು ನಿನಗೂ ಮಾಡ್ತಿರಲಿಲ್ಲ" ಎಂದ. "ಕುಡಿ."

ಹಾಜ್ ಎತ್ತಿಕೊಂಡ. ಬಿಸಿಗೆ ಲೋಟ ಮುದುಡಿತು, ಚಹಾ ಬೆರಳ ಮೇಲೆ ಚೆಲ್ಲಿತು.

"ತಪ್ಪು ತಿಳೀಬೇಡ, ತಮ್ಮಾ" ಎಂದ ಅಯಾಶಿ. "ಎರಡೂ ಕೈಲಿ ಹಿಡ್ಕೋ."