ಸೊಟ್ಟಗಾಲಿನ ಕೊಕ್ಕರೆಯ ಪಟ

ನಾನು ತಕ್ಕಡಿಯ ಮನುಷ್ಯ. ಮಂಡ್ಯದಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಗುಮಾಸ್ತನಾಗಿ ಹೊಟ್ಟೆ ಹೊರೆದವನು. ಮುಳ್ಳು ಎಲ್ಲಿ ನಿಂತಿತೋ ಅಷ್ಟೇ ತೂಕ. ಯಾರು ದೇವರ ಮೇಲೆ ಆಣೆ ಇಟ್ಟರೂ ಅದಕ್ಕಿಂತ ಒಂದು ಪಾವು ಹೆಚ್ಚಿಗೆ ಬರೆದವನಲ್ಲ. ದೆವ್ವ ಕಂಡೆ, ಸತ್ತವರು ಬಂದು ಕರೆದರು ಎಂದು ಯಾರಾದರೂ ಹೇಳಿದರೆ, ರಾತ್ರಿ ಊಟಕ್ಕೆ ಏನು ಮಾಡಿದ್ದಿರಿ ಎಂದು ಕೇಳಿ ನಗುತ್ತಿದ್ದೆ. ಈಗಲೂ ಬೇರೆಯವರ ಕಥೆಗೆ ನಗುತ್ತೇನೆ. ನನ್ನದೊಂದಕ್ಕೆ ಮಾತ್ರ ನಗಲಾಗುವುದಿಲ್ಲ. ಅದು ಗಾಜು ಹಾಕಿಸಿಕೊಂಡು ನಮ್ಮ ನಡುಮನೆಯ ಗೋಡೆಯ ಮೇಲೆ ಕೂತಿದೆ.

ಅದು ಒಂದು ಬಣ್ಣದ ಕೊಕ್ಕರೆಯ ಪಟ. ರೆಕ್ಕೆ ಪೂರ್ತಿ ಬಿಚ್ಚಿ, ಕತ್ತು ಮುಂದಕ್ಕೆ ಚಾಚಿ ಹಾರುತ್ತಿದೆ. ಜಂಬ ಎನ್ನಿ, ಏನಾದರೂ ಎನ್ನಿ. ಆ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕು ಸುತ್ತಿದರೂ ಹಾರುವ ಹಕ್ಕಿಯನ್ನು ಪಟದಲ್ಲಿ ಹಿಡಿದವನು ನನ್ನ ಬಿಟ್ಟು ಇನ್ನೊಬ್ಬ ಸಿಗುತ್ತಿರಲಿಲ್ಲ. ಪಟ ಎಂದರೆ ಆಗ ಮದುವೆಯಾದವರು ಕುರ್ಚಿಯ ಮೇಲೆ ಕೂತು, ಉಸಿರು ಬಿಗಿಹಿಡಿದು ತೆಗೆಸಿಕೊಳ್ಳುವ ವಸ್ತು. ಹಕ್ಕಿ ಉಸಿರು ಹಿಡಿದು ಕೂರುತ್ತದೆಯೇ?

ಬೆಂಗಳೂರಿನಲ್ಲಿ ಪಟದ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ತನಗೆ ಬೇಡವಾದ ಹಳೆಯ ಮಡಿಸುವ ಕ್ಯಾಮೆರಾವನ್ನು ನನಗೆ ಕೊಟ್ಟಿದ್ದ. ಅದರ ತಲೆಯ ಮೇಲೊಂದು ಪುಟ್ಟ ಗಾಜು. ಅದರಲ್ಲಿ ನೋಡಿದರೆ ಎಡಕ್ಕೆ ಹೋಗುವ ಹಕ್ಕಿ ಬಲಕ್ಕೆ ಹೋದಂತೆ ಕಾಣುತ್ತಿತ್ತು. ಹಕ್ಕಿ ಒಂದು ಕಡೆ, ನಾನೊಂದು ಕಡೆ. ಮೊದಲ ಎರಡು ರೋಲಿನ ತುಂಬ ಬರಿಯ ಆಕಾಶ ಬಂತು. ಮೂರನೆಯದರಲ್ಲಿ ಒಂದು ಮೂಲೆಯಲ್ಲಿ ಬಾಲ ಕಂಡಾಗ ನನ್ನ ಹೆಂಡತಿ ಜಯಮ್ಮ, "ಬುಡಿ, ಈ ಸಲ ಬಾಲನಾದ್ರೂ ನಿಂತದೆ" ಎಂದು ಸಮಾಧಾನ ಹೇಳಿದಳು. ಸಮಾಧಾನವೋ ಕುಚೋದ್ಯವೋ ಅವಳಿಗೇ ಗೊತ್ತು.

ನಾನು ಹಟವಾದಿ. ಆ ಗಾಜನ್ನೇ ಬಿಟ್ಟೆ. ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ, ಚೌಕ ಮಾಡಿ, ಕ್ಯಾಮೆರಾದ ಮೇಲೆ ಬಿಗಿದೆ. ಇನ್ನು ಬರಿಗಣ್ಣಿನಲ್ಲಿ ಆ ಚೌಕದೊಳಗೆ ಹಕ್ಕಿಯನ್ನು ಹಿಡಿಯಬಹುದು. ಆದರೂ ಪಟ ಕಲಸಿ ಹೋಗುತ್ತಿತ್ತು. ಒಂದು ದಿನ ಜೋಳದ ಹೊಲದಲ್ಲಿ ಗಿಣಿ ಓಡಿಸಲು ಕವಣೆ ಬೀಸುತ್ತಿದ್ದವರನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ಕಲ್ಲು ಬಿಟ್ಟ ಮೇಲೂ ಬೀಸಿದ ಕೈ ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ನಾನೂ ಬೀಸಿದವನೇ. ನಾನು ಗುಂಡಿ ಒತ್ತುವ ಗಳಿಗೆಗೆ ಕೈ ನಿಲ್ಲಿಸಿಬಿಡುತ್ತಿದ್ದೆ, ಅದೇ ಎಡವಟ್ಟು. ಹಕ್ಕಿಯ ಜೊತೆ ಕೈಯೂ ಹಾರಬೇಕು, ಒತ್ತಿದ ಮೇಲೂ ಹಾರುತ್ತಲೇ ಇರಬೇಕು. ಸಂಜೆ ನಾಲೆಯ ಏರಿಯ ಮೇಲೆ ನಿಂತು, ರೋಲಿಲ್ಲದ ಕ್ಯಾಮೆರಾ ಹಿಡಿದು, ಗೂಡಿಗೆ ಹೋಗುವ ಬೆಳ್ಳಕ್ಕಿಗಳನ್ನು ಹಿಂಬಾಲಿಸಿ ಹಿಂಬಾಲಿಸಿ ಅಭ್ಯಾಸ ಮಾಡಿದೆ. ಗಾಡಿ ಹೊಡೆಯುವವರು ನನಗೆ ಗಾಳಿ ಹಿಡಿದಿದೆ ಎಂದುಕೊಂಡರು. ಆ ಮಳೆಗಾಲ ಮುಗಿಯುವುದರೊಳಗೆ ಬೆಳ್ಳಕ್ಕಿ ನನ್ನ ರೋಲಿನಲ್ಲಿ ಬಂದು ಕೂತಿತು.

ಈಗ ನಮ್ಮೂರಿನ ವಿಷಯ ಹೇಳಬೇಕು. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ಹೊಳೆಯ ಹತ್ತಿರ. ಪ್ರತಿ ವರ್ಷ ಚಳಿ ಹಿಡಿದ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಮನೆಯ ಹೆಂಚಿನ ಮೇಲೆ ಹಿಕ್ಕೆ ಬೀಳುತ್ತದೆ, ಮೀನಿನ ನಾತ ಅಡಿಗೆಮನೆಗೂ ಬರುತ್ತದೆ. ಯಾರೂ ಒಂದು ಕಲ್ಲೆತ್ತುವುದಿಲ್ಲ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ನಮ್ಮವರ ಲೆಕ್ಕ. ಗೂಡಿರುವ ಮರದಲ್ಲಿ ಮರಿಗಳು ಹಾರುವ ತನಕ ಹುಣಸೆಹಣ್ಣು ಬಡಿಯುವುದಿಲ್ಲ. ಬಾಣಂತಿ ಮಲಗಿರುವ ಮನೆಯಲ್ಲಿ ಸದ್ದು ಮಾಡುತ್ತಾರೆಯೇ?

ನಮ್ಮ ಮನೆಯ ಎದುರಿಗೆ ಕಾಳವ್ವನ ಮನೆ. ಗಂಡ ಬೇಗ ಹೋದ, ಗಂಡುಮಕ್ಕಳಿಲ್ಲ, ಇದ್ದವಳೊಬ್ಬಳೇ ಮಗಳು ಸಾಕಮ್ಮ. ನಮಗೆಲ್ಲ ಸಾಕಿ. ಚಿಕ್ಕವಳಿದ್ದಾಗ ಹಿತ್ತಲಿನ ಹುಣಸೆಮರದಿಂದ ಬಿದ್ದು ಎಡಗಾಲಿನ ಪಾದ ಒಳಕ್ಕೆ ತಿರುಗಿ ಹಾಗೇ ಕೂಡಿಕೊಂಡಿತ್ತು. ಕುಂಟುತ್ತಲೇ ಊರೆಲ್ಲ ಓಡುತ್ತಿದ್ದಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಹೊಳೆಯಾಚೆ ಹಲಗೂರಿನ ಕಡೆ ಕೊಟ್ಟಿದ್ದರು.

ಚೊಚ್ಚಲ ಬಸುರಿಯನ್ನು ಅಣ್ಣತಮ್ಮಂದಿರು ಹೋಗಿ ಗಾಡಿಯಲ್ಲಿ ಕರೆತರಬೇಕು. ಸಾಕಿಗೆ ಒಡಹುಟ್ಟಿದವರಿಲ್ಲದ ಕಾರಣ ಆ ಕೆಲಸ ನನಗೆ ಬಿದ್ದಿತ್ತು. ನನಗೂ ಅದು ದೊಡ್ಡಸ್ತಿಕೆಯೇ. ಗಾಡಿಗೆ ಕಮಾನು ಕಟ್ಟಿ, ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿಟ್ಟಿದ್ದೆ. ಏಳನೆಯ ತಿಂಗಳಲ್ಲಿ ಹೊಳೆ ಬಂತು, ಗಾಡಿ ದಾಟುವ ಹಾಗಿರಲಿಲ್ಲ. ಹೊಳೆ ಇಳಿಯುವ ಹೊತ್ತಿಗೆ ಎಂಟು ತುಂಬಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು ಎಂದು ಎರಡೂ ಮನೆಯ ಹಿರಿಯರು ಹೇಳಿದರು. ಒಂಬತ್ತಕ್ಕೆ ಬೀಳಲಿ ಎಂದು ಕಾದೆವು. ಒಂಬತ್ತು ಬರಲೇ ಇಲ್ಲ. ಎಂಟರಲ್ಲೇ ಹೆರಿಗೆಯಾಗಿ ತಾಯಿಯೂ ಮಗುವೂ ಅಲ್ಲೇ ಹೋದರು. ತಪ್ಪು ಯಾರದೂ ಅಲ್ಲ. ಆದರೂ ಆ ಕಮಾನನ್ನು ಬಿಚ್ಚಿದ ದಿನ ನಾನು ಕೊಟ್ಟಿಗೆಯಲ್ಲಿ ಕೂತು ಅತ್ತದ್ದು ನಿಜ.

ಆ ವರ್ಷವೇ ಕಾಳವ್ವನ ಹಿತ್ತಲ ಮರಕ್ಕೆ ಎಡಗಾಲು ಸೊಟ್ಟಗಿದ್ದ ಕೊಕ್ಕರೆಯೊಂದು ಬಂದು ಗೂಡು ಕಟ್ಟಿತು. ಮರುವರ್ಷವೂ ಬಂತು, ಅದರ ಮರುವರ್ಷವೂ. ಗೂಡಿನಲ್ಲಿ ಕೂತಾಗ ಅದರ ಕಾಲು ಕಾಣುತ್ತಿರಲಿಲ್ಲ. ಹಾರುವಾಗ ಮಾತ್ರ, ಹಿಂದಕ್ಕೆ ಚಾಚಿದ ಎರಡು ಕಾಲಲ್ಲಿ ಒಂದು ತುದಿಯಲ್ಲಿ ಬಾಗಿರುವುದು ತಿಳಿಯುತ್ತಿತ್ತು. ಕಾಳವ್ವ ಅದನ್ನು ಸಾಕಿ ಎಂದೇ ಕರೆಯುತ್ತಿದ್ದಳು. ನಾನು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಯಾವುದೋ ಕೊಂಬೆಗೋ ಬಲೆಗೋ ಸಿಕ್ಕಿ ಕಾಲು ಮುರಿದ ಹಕ್ಕಿ, ಅಷ್ಟೇ ಎಂದುಕೊಂಡಿದ್ದೆ.

ನನ್ನ ಬೆಳ್ಳಕ್ಕಿಯ ಪಟವನ್ನು ಊರಿನಲ್ಲೆಲ್ಲ ತೋರಿಸಿ ಮೆರೆಯುತ್ತಿದ್ದ ಕಾಲದಲ್ಲಿ ಕಾಳವ್ವನ ಕಣ್ಣಿಗೆ ಪೊರೆ ಬಂದಿತ್ತು. ಅವಳು ಆ ಪಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತುಂಬ ಹೊತ್ತು ನೋಡಿ, ನನ್ನ ಕೈ ಹಿಡಿದುಕೊಂಡಳು.

"ಮರದ್ ಮ್ಯಾಲಿರೋದು ನಂಗೆ ಕಾಣಾಕಿಲ್ಲ ಕಣ್ಲಾ ಮಗ. ಇಂಗೆ ಅತ್ರ ಇಡ್ಕಂಡ್ರೆ ಕಾಣ್ತದೆ. ಕಣ್ಣು ಪೂರಾ ಓಗೋದ್ರಾಗೆ ಸಾಕಿ ಪಟ ಒಂದ ತೆಗ್ದುಕೊಡು. ಕಾಲು ಕಾಣಂಗೆ."

ಕಾಲು ಕಾಣಬೇಕೆಂದರೆ ಹಾರುವಾಗಲೇ ತೆಗೆಯಬೇಕು. ಅದನ್ನು ಮಾಡಬಲ್ಲವನು ನಾನೊಬ್ಬನೇ. ಎದೆ ಉಬ್ಬಿ ಒಪ್ಪಿಕೊಂಡೆ. ಎರಡು ಚಳಿಗಾಲ ಒದ್ದಾಡಿದೆ. ಬೇರೆ ಕೊಕ್ಕರೆಗಳೆಲ್ಲ ಬಂದವು. ಅದೊಂದು ಮಾತ್ರ ನನ್ನ ಚೌಕಕ್ಕೆ ಸರಿಯಾಗಿ ಬೀಳಲಿಲ್ಲ. ಒಮ್ಮೆ ತಲೆ ಬಂತು, ಕಾಲು ಹೊರಗುಳಿಯಿತು. ಇನ್ನೊಮ್ಮೆ ಮರದ ಕೊಂಬೆ ಅಡ್ಡ ಬಂತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಜೋರಾಗಿ ರೋಲು ಸಿಗುವುದೇ ಕಷ್ಟವಾಯಿತು. ಮೂರನೆಯ ವರ್ಷ ಮಾವ ಒಂದೇ ಒಂದು ರೋಲು ಕಳಿಸಿ, ಯುದ್ಧ ಮುಗಿಯುವ ತನಕ ಇನ್ನು ಕೇಳಬೇಡ ಎಂದು ಹೇಳಿಬಿಟ್ಟ.

ಆ ರೋಲನ್ನು ಹಾಕಿಕೊಂಡೇ ನಾನೂ ಜಯಮ್ಮನೂ ಕಾರ್ತಿಕದಲ್ಲಿ ಊರಿಗೆ ಹೋದೆವು. ತಮ್ಮನ ಮಗುವಿನ ನಾಮಕರಣ. ಕೊಕ್ಕರೆಗಳು ಇನ್ನೂ ಬಂದಿರಲಿಲ್ಲ, ಬರಲು ಎಷ್ಟೋ ದಿನ ಇತ್ತು. ನೆಂಟರೆಲ್ಲ ಪಟ ಪಟ ಎಂದು ದುಂಬಾಲು ಬಿದ್ದು ರೋಲನ್ನು ಮುಗಿಸುತ್ತ ಬಂದರು. ಕೊನೆಯದೊಂದನ್ನು ಯಾರು ಏನೇ ಅಂದರೂ ಕೊಡದೆ ಸಾಕಿಗೆಂದು ಉಳಿಸಿಕೊಂಡೆ.

ಮಾರನೆಯ ದಿನ ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಕಾಳವ್ವನನ್ನು ಮಾತಾಡಿಸಲು ಹೋದೆವು. ಅವಳು ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಕೈಯನ್ನು ಮುಖದ ಮುಂದೆ ತಂದರಷ್ಟೇ ಬೆರಳು ತಿಳಿಯುತ್ತದೆ ಎಂದಳು. ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು. ರೋಲಿನ ಪಾಡು ಹೇಳಿ, ಒಂದು ಪಟ ಉಳಿಸಿದ್ದೇನೆ, ಹಕ್ಕಿ ಬಂದಾಗ ಬರುತ್ತೇನೆ ಎನ್ನುತ್ತಿದ್ದೆ. ಕಾಳವ್ವ ತಟ್ಟನೆ ಎದ್ದು ನಿಂತಳು.

"ಬಂದ್ಲು ಕಣ್ಲಾ. ಒಳೆ ಕಡೆಯಿಂದ. ತಗಿ."

ಅವಳ ಬೆರಳು ಹೊಳೆಯ ದಿಕ್ಕಿಗೆ ಎದ್ದಿತ್ತು. ನಾನು ನೋಡಿದೆ. ಬರಿಯ ನೀಲಿ ಆಕಾಶ. ಒಂದು ಕಾಗೆಯೂ ಇರಲಿಲ್ಲ. ಗುಂಡಿ ಒತ್ತದೆ ಬಾಯಲ್ಲೇ ಟಿಕ್ ಎನಿಸಿ ಮುದುಕಿಯನ್ನು ಸಮಾಧಾನ ಮಾಡಬಹುದಿತ್ತು. ಆ ಯೋಚನೆ ಬಂತು ಕೂಡ. ಆದರೆ ತಕ್ಕಡಿಯ ಮನುಷ್ಯನಿಗೆ ಸುಳ್ಳು ತೂಕ ಕೈಗೆ ಬರುವುದಿಲ್ಲ. ಹಾಳಾದರೆ ಹಾಳಾಗಲಿ ಎಂದು ಕೊನೆಯ ಪಟವನ್ನು ತಿರುಗಿಸಿಕೊಂಡು ಕ್ಯಾಮೆರಾ ಎತ್ತಿದೆ.

ನೋಡಲು ಹಕ್ಕಿಯಿಲ್ಲ, ಆದ್ದರಿಂದ ಕಡ್ಡಿಯ ಚೌಕದೊಳಗೆ ಅವಳ ಬೆರಳು ತೋರಿದ ಜಾಗವನ್ನೇ ಇಟ್ಟುಕೊಂಡೆ. ಬೆರಳು ಸರಿಯತೊಡಗಿತು. ಆ ವಯಸ್ಸಿನ ಕೈಗೆ ಇರುವ ನಡುಕ ಅದರಲ್ಲಿರಲಿಲ್ಲ. ಹೊಳೆಯ ಕಡೆಯಿಂದ ಹುಣಸೆಮರದ ನೆತ್ತಿಯತ್ತ, ಒಂದೇ ಹದದಲ್ಲಿ, ಸ್ವಲ್ಪ ಕೆಳಗಿಳಿಯುತ್ತ ಬಂತು. ಕೊಕ್ಕರೆ ಗೂಡಿಗೆ ಇಳಿಯುವುದು ಹಾಗೆಯೇ. ನನ್ನ ಕೈ ತಾನಾಗಿ ಜೊತೆಗೆ ಹೋಯಿತು. ಮರದ ಹತ್ತಿರ ಒತ್ತಿದೆ, ಒತ್ತಿದ ಮೇಲೂ ಬೀಸು ನಿಲ್ಲಿಸಲಿಲ್ಲ. ಕಾಳವ್ವ ಕೈ ಇಳಿಸಿ, ಕೂತ್ಕಂಡ್ಲು ಎಂದು ತಾನೂ ಕಲ್ಲಿನ ಮೇಲೆ ಕೂತಳು. ಜಯಮ್ಮ ಮರವನ್ನೂ ನನ್ನನ್ನೂ ನೋಡಿದಳು. ದಾರಿಯಲ್ಲಿ, ಅಲ್ಲಿ ಏನೂ ಇರಲಿಲ್ಲವಲ್ಲ ಎಂದು ಕೇಳಿದಳು. ಇರಲಿಲ್ಲ ಎಂದೆ.

ಮಂಡ್ಯಕ್ಕೆ ಬಂದ ಮೇಲೆ, ದೀಪ ಹಚ್ಚುವ ಹೊತ್ತು ಕಳೆದು, ಅಡಿಗೆಮನೆಯ ಕಿಟಕಿಗೆ ಕಂಬಳಿ ಹೊದಿಸಿ ರೋಲನ್ನು ತೊಳೆದೆ. ಕೆಂಪು ಕಾಗದ ಸುತ್ತಿದ ದೀಪ ಜಯಮ್ಮನ ಕೈಯಲ್ಲಿತ್ತು. ನಾಮಕರಣದ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದರು. ಕೊನೆಯ ತುಂಡನ್ನು ನಾನು ನೋಡುತ್ತಲೂ ಇರಲಿಲ್ಲ. ಜಯಮ್ಮ ನನ್ನ ತೋಳು ಹಿಡಿದಳು.

"ಕಾಲು ನೋಡ್ರಿ," ಎಂದಳು.

ಅದೇ ಈ ಪಟ. ಹಿಂದಿನ ಹುಣಸೆಯ ಕೊಂಬೆಗಳು ಅಡ್ಡಡ್ಡ ಗೆರೆಯಾಗಿ ಕಲಸಿಹೋಗಿವೆ, ಕೊಕ್ಕರೆ ಮಾತ್ರ ಕೊರೆದಿಟ್ಟ ಹಾಗೆ ನಿಂತಿದೆ. ಕೊಕ್ಕು, ಕಣ್ಣು, ಎದೆಯ ಪಟ್ಟೆ, ಹಿಂದಕ್ಕೆ ಚಾಚಿದ ಎರಡು ಕಾಲು. ಎಡಗಾಲಿನ ಪಾದ ಒಳಕ್ಕೆ ತಿರುಗಿದೆ. ನಾನು ಎರಡು ವರ್ಷ ಬೆನ್ನುಹತ್ತಿ ಕಾಣದಿದ್ದ ಪಟ. ನನ್ನ ಕೈ ಆ ಹಕ್ಕಿಯ ಜೊತೆ ಕೂದಲಷ್ಟೂ ತಪ್ಪದೆ ಹೋಗಿದೆ ಎನ್ನುವುದಕ್ಕೆ ಆ ಗೆರೆಗಳೇ ಸಾಕ್ಷಿ. ಹಕ್ಕಿಯನ್ನು ಕಂಡಿಲ್ಲ, ಒಪ್ಪುತ್ತೇನೆ. ಕೈಚಳಕ ನನ್ನದಲ್ಲ ಎಂದು ಯಾರಾದರೂ ಹೇಳಲಿ, ನೋಡುತ್ತೇನೆ.

ಮುಂದಿನ ಭಾನುವಾರ ಪಟಕ್ಕೆ ಗಾಜು ಹಾಕಿಸಿಕೊಂಡು ಊರಿಗೆ ಹೋದೆ. ಕಾಳವ್ವ ಅದನ್ನು ಮೂಗಿನ ಹತ್ತಿರ ತಂದು ಕೊಕ್ಕಿನಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದಳು. ಕಾಲಿನ ತುದಿಗೆ ಬಂದಾಗ ನಿಂತಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಪಟವನ್ನು ನನ್ನ ಕೈಗೇ ವಾಪಸು ಕೊಟ್ಟು, ಹೊಸ್ತಿಲಾಚೆ ಹೋಗಿ ನಿಂತ್ಕೊ ಎಂದಳು. ಗೋಡೆ ಸವರಿಕೊಂಡು ಒಳಗೆ ಹೋಗಿ, ತಟ್ಟೆಯಲ್ಲಿ ಅರಿಸಿನ ಸುಣ್ಣ ಕಲಸಿದ ಕೆಂಪು ನೀರು ತಂದಳು. ಬಾಣಂತನಕ್ಕೆ ಬಂದ ಮಗಳಿಗೆ ಎತ್ತುವ ಹಾಗೆಯೇ ನನಗೂ ಪಟಕ್ಕೂ ಸೇರಿಸಿ ಆರತಿ ಎತ್ತಿದಳು. ಬಲಗಾಲು ಇಟ್ಟು ಒಳಗೆ ಬಾ ಎಂದಳು. ಅಕ್ಕಪಕ್ಕದ ಹೆಂಗಸರು ಬಂದು ನಿಂತಿದ್ದರು.

ಉಳಿದ ಕೊಕ್ಕರೆಗಳು ಎಂದಿನಂತೆ ಚಳಿ ಹಿಡಿದ ಮೇಲೆ ಬಂದವು. ಸೊಟ್ಟಗಾಲಿನದು ಆ ವರ್ಷ ಬರಲಿಲ್ಲ, ಆಮೇಲೂ ಯಾವ ವರ್ಷವೂ ಬರಲಿಲ್ಲ. ಕಾಳವ್ವನಿಗೆ ಆ ಚಿಂತೆಯೇ ಇರಲಿಲ್ಲ. ಇರುವಷ್ಟು ದಿನ ಪಟವನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದಳು. ಅವಳು ಹೋದ ಮೇಲೆ ಅದು ನಮ್ಮ ಗೋಡೆಗೆ ಬಂತು.

ಮಾವನಿಗೆ ಎಲ್ಲ ಹೇಳಿದೆ. ಹಳೆಯ ರೋಲಿನ ಮೇಲೆಯೇ ಮತ್ತೆ ತೆಗೆದಿರುತ್ತೀಯ ಎಂದ. ಅದು ಹೊಸ ರೋಲು, ಕಳಿಸಿದವನು ಅವನೇ. ಬಿಸಿಲಿಗೆ ನಿನಗೆ ಹಕ್ಕಿ ಕಂಡಿರಲಿಕ್ಕಿಲ್ಲ ಎಂದ. ಬಿಸಿಲು ನನ್ನ ಬೆನ್ನ ಹಿಂದಿತ್ತು, ಜಯಮ್ಮನ ಕಣ್ಣೂ ಇತ್ತು. ನಾನೂ ಇಷ್ಟು ವರ್ಷ ಆ ಪಟವನ್ನು ಎಲ್ಲ ಬಗೆಯಲ್ಲೂ ತೂಗಿ ನೋಡಿದ್ದೇನೆ. ಮುಳ್ಳು ಎಲ್ಲಿಯೂ ನಿಲ್ಲುವುದಿಲ್ಲ.

ಬಂದವರೆಲ್ಲ ಪಟದ ಮುಂದೆ ನಿಂತು, ಇದನ್ನು ಹೇಗೆ ತೆಗೆದಿರಿ ಎಂದು ಕೇಳುತ್ತಾರೆ. ಒತ್ತಿದ ಮೇಲೂ ಕೈ ನಿಲ್ಲಿಸಬಾರದು ಎಂದು ಹೇಳಿ ಮೀಸೆ ತಿರುವುತ್ತೇನೆ. ಅಷ್ಟೂ ನಿಜವೇ. ಆದರೆ ನನ್ನ ಹೆಮ್ಮೆ ಅದಲ್ಲ. ಅಂದು ಕಾಳವ್ವ ಆರತಿಯ ತಟ್ಟೆಯನ್ನು ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಒಂದು ಮಾತು ಹೇಳಿದ್ದಳು.

"ಅಣ್ಣ ಓಗಿ ಕರ್ಕಬಂದ ಕಣ್ರಮ್ಮ. ಒಂಬತ್ರಲ್ಲೇ ಕರ್ಕಬಂದ."