ಕಾವಲುಗಾರ ಸಿಂಗನಿಗೆ ಸಾವಿಲ್ಲ

ಶಿಕಾರಿಪುರದ ಕೆಂಪಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದವನು. ಮದುವೆ ಕರೆಯೋಲೆ, ಅಂಗಡಿ ಬಿಲ್ಲು, ಸತ್ತವರ ಕಾರ್ಡು, ಹೀಗೆ ಊರವರ ಸುಖದುಃಖವೆಲ್ಲ ಅವನ ಬೆರಳಿನಿಂದಲೇ ಹೊರಗೆ ಹೋಗಬೇಕು. ತನ್ನದೆಂದು ಅವನು ಮಾಡಿದ್ದು ಒಂದೇ ಪುಸ್ತಕ, ಅದೂ ಒಂದು ಆಟದ್ದು. 1979ರಲ್ಲಿ ಮಗ ಚನ್ನೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದದ್ದು; ಮೊದಲ ಪುಟದಲ್ಲಿ ಇಬ್ಬರ ಹೆಸರೂ ಇತ್ತು.

ಆಟದಲ್ಲಿ ಒಬ್ಬರು ಕಥೆ ಹೇಳಬೇಕು. ಉಳಿದ ನಾಲ್ವರು ಸೆಟ್ಟಿ, ವೈದ್ಯೆ, ಹಾಡುಗಾರ, ಕಾವಲುಗಾರ ಆಗಬೇಕು. ಬಳ್ಳಿಗಾವಿಯಿಂದ ಸರಕು ಹೊತ್ತು ಹೊರಟ ಹೇರೆತ್ತುಗಳನ್ನು ಕಾಡು, ಘಟ್ಟ ದಾಟಿಸಿ ಕಡಲತೀರ ಮುಟ್ಟಿಸಬೇಕು. ಹೆಜ್ಜೆಹೆಜ್ಜೆಗೂ ಆರು ಕವಡೆ ಹಾಕಬೇಕು. ಆರೂ ಬೋರಲು ಬಿದ್ದರೆ ಆ ಪಾತ್ರ ಸತ್ತ ಹಾಗೆ. ಒಂಟಿಗಣ್ಣಿನ ಕಾವಲುಗಾರ ಸಿಂಗನನ್ನು ಹುಟ್ಟಿಸಿದವನು ಚನ್ನೇಶ. ಆಡುವಾಗಲೆಲ್ಲ ಅವನೇ ಸಿಂಗ. ಬೇರೆ ಯಾರಾದರೂ ಆ ಪಾತ್ರ ಕೇಳಿದರೋ, ಮುಖ ಊದಿಸಿಕೊಂಡು ಕೂರುತ್ತಿದ್ದ.

ಐದು ವರ್ಷ ಕಳೆದ ಮೇಲೆ ಸೊರಬದ ಕಡೆಯ ಕಾಡಿಗೆ ಹೋಗಿದ್ದ ಚನ್ನೇಶ ಮಂಗನ ಕಾಯಿಲೆ ಹತ್ತಿಸಿಕೊಂಡು ಬಂದ. ಹನ್ನೆರಡನೇ ದಿನಕ್ಕೆ ಮುಗಿಯಿತು. ಇನ್ನೂ ಹತ್ತೊಂಬತ್ತು ವರ್ಷ. ಊರಿಗೆಲ್ಲ ಸಾವಿನ ಕಾರ್ಡು ಜೋಡಿಸಿದ ಕೆಂಪಪ್ಪನಿಗೆ ಮಗನ ಕಾರ್ಡು ಜೋಡಿಸಲಾಗಲಿಲ್ಲ, ಬೇರೆ ಪ್ರೆಸ್ಸಿನಲ್ಲಿ ಹಾಕಿಸಿದರು. ಆಟದ ಪುಸ್ತಕ ಟ್ರಂಕು ಸೇರಿತು.

1995ರಲ್ಲಿ ಸೊರಬದ ಪುಸ್ತಕದಂಗಡಿಯ ಕಮಲಾಕರ ಹಳೇ ಪ್ರತಿಯೊಂದನ್ನು ಹಿಡಿದು ಬಂದ.

"ಕೆಂಪಪ್ಪನವರೇ, ಇದನ್ನ ಮತ್ತೆ ತರೋಣ. ಆದ್ರೆ ಈಗಿನ ಮಕ್ಕಳ ಹತ್ರ ಕವಡೆ ಎಲ್ಲಿದೆ? ಲೂಡೋ ದಾಳ ಇರ್ತದೆ. ಎರಡು ದಾಳಕ್ಕೆ ಹೊಂದೋ ಹಾಗೆ ನಿಯಮ ಎಲ್ಲಾ ಹೊಸದಾಗಿ ಮಾಡ್ಕೊಡಿ."

ಬೇಡ ಎನ್ನಲು ಬಾಯಿ ತೆರೆದವನು ಹೂಂ ಎಂದುಬಿಟ್ಟ. ಮಗನ ಹೆಸರು ಇನ್ನೊಮ್ಮೆ ಅಚ್ಚಾಗುತ್ತದಲ್ಲ ಎಂಬ ಆಸೆ. ಎರಡು ತಿಂಗಳು ಜಗುಲಿಯ ಮೇಲೆ ದಾಳ ಉರುಳಿಸಿ ಉರುಳಿಸಿ, ಕವಡೆಯ ಲೆಕ್ಕವನ್ನೆಲ್ಲ ದಾಳಕ್ಕೆ ತಿರುಗಿಸಿದ. ಎರಡರಲ್ಲೂ ಒಂದೊಂದೇ ಚುಕ್ಕೆ ಬಿದ್ದರೆ ಸಾವು. ಸೆಟ್ಟಿಗೆ ಹಾಗೆ ಬರೆದ, ವೈದ್ಯೆಗೆ ಬರೆದ, ಹಾಡುಗಾರನಿಗೂ ಬರೆದ. ಸಿಂಗನ ಪುಟಕ್ಕೆ ಬಂದಾಗ ಕೈ ಏಳಲಿಲ್ಲ. "ಗಾಯವಾಗುತ್ತದೆ, ಒಂದು ಸರದಿ ಸುಮ್ಮನಿರಬೇಕು" ಎಂದು ಗೀಚಿಬಿಟ್ಟ. ಯಾರಪ್ಪನ ಗಂಟೇನು ಹೋಗುತ್ತದೆ? ಕಾಗದದ ಮೇಲಾದರೂ ಬದುಕಿಕೊಳ್ಳಲಿ. ಕಮಲಾಕರನೋ, ಕೂತು ಓದುವ ಜಾಯಮಾನದವನಲ್ಲ. ಕಣ್ಣು ಮುಚ್ಚಿಕೊಂಡು ಐನೂರು ಪ್ರತಿ ಹಾಕಿಸಿದ.

ಮೂರು ತಿಂಗಳಿಗೆ ಅವನಿಂದ ಕಾಗದ ಬಂತು: ಆಟ ಎಲ್ಲೋ ಕೆಟ್ಟಿದೆ, ಒಮ್ಮೆ ಬಂದು ನೋಡಿ. ಕೆಂಪಪ್ಪ ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಮಲಾಕರನ ಮಗಳು ಅರ್ಚಿತಾ ಗೆಳತಿಯರ ಜೊತೆ ಅದನ್ನೇ ಆಡುತ್ತಿದ್ದಳು. ಅವಳೇ ಸಿಂಗ. ದಾರಿ ಉದ್ದ. ಮೊದಲು ವೈದ್ಯೆ ಹೋದಳು, ಹಳ್ಳ ದಾಟುವಾಗ ಸೆಟ್ಟಿ, ಘಟ್ಟದ ಬಾಯಲ್ಲಿ ಹಾಡುಗಾರ. ಪಾತ್ರ ಸತ್ತ ಹುಡುಗಿಯರು ಎದ್ದು ಕುಂಟಾಬಿಲ್ಲೆಗೆ ಓಡಿದರು. ಕಥೆ ಹೇಳುತ್ತಿದ್ದವಳೂ ಬೇಸತ್ತು ಹಿಂದೆಯೇ ಹೋದಳು. ಅರ್ಚಿತಾ ಒಬ್ಬಳೇ ದಾಳ ಹಾಕುತ್ತ ಉಳಿದಳು.

"ಅಜ್ಜ, ಇವನು ಸಾಯೋದೇ ಇಲ್ವಾ? ಪ್ರತಿ ಸಲ ಎಲ್ಲರೂ ಹೋಗ್ತಾರೆ, ಇವನೊಬ್ಬನೇ ಉಳೀತಾನೆ. ಪಾಪ, ಮಾತಾಡೋಕೂ ಯಾರೂ ಇರಲ್ಲ ಇವನಿಗೆ."

ಮಗನನ್ನು ಉಳಿಸಿಕೊಂಡೆ ಅಂದುಕೊಂಡಿದ್ದ ಕೆಂಪಪ್ಪ. ಉಳಿಸಿ, ಹೆಣಗಳ ನಡುವೆ ಒಂಟಿಯಾಗಿ ನಿಲ್ಲಿಸಿದ್ದ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಕಮಲಾಕರನ ಮುಖ ನೋಡದೆ, "ತಿದ್ದುಪಡಿ ಚೀಟಿ ಅಚ್ಚು ಹಾಕಿ ಹಚ್ಚಿ ಕೊಡ್ತೀನ್ರೀ" ಎಂದ. ಮಾರಾಟವಾಗದ ಮುನ್ನೂರು ಪ್ರತಿಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಊರಿಗೆ ಬಂದ.

ಮರುದಿನ ಪ್ರೆಸ್ಸಿನಲ್ಲಿ ಒಂದೊಂದೇ ಮೊಳೆ ಹೆಕ್ಕಿ ಜೋಡಿಸಿದ: ಸಿಂಗ ಸಾಯುತ್ತಾನೆ. ಎರಡೇ ಪದ. ಮಧ್ಯಾಹ್ನದವರೆಗೆ ಹಿಡಿಯಿತು.

ಮನೆಯಲ್ಲಿ ಹೆಂಡತಿ ಗುತ್ಯಮ್ಮ ಮೈದಾ ಅಂಟು ಕಾಯಿಸಿಕೊಟ್ಟಳು. ಅವನು ಹಚ್ಚಿದ ಚೀಟಿಗಳು ಸೊಟ್ಟಗಾಗುವುದನ್ನು ನೋಡಿ, "ಅತ್ಲಾಗ ಸರೀರಿ, ನಾ ಹಚ್ತೀನಿ" ಎಂದು ಪುಸ್ತಕಗಳನ್ನು ತನ್ನತ್ತ ಎಳೆದುಕೊಂಡಳು. ಅವಳಿಗೆ ಓದು ಬರದು.

"ಏನಂತ ಐತ್ರೀ ಇದ್ರಾಗ?"

"ಅಚ್ಚಿನ ತಪ್ಪಾಗಿತ್ತು. ತಿದ್ದೀನಿ."

"ಹೌದು ಬಿಡ್ರಿ, ನಮ್ ಚನ್ನೇಶನ ಪುಸ್ತಕದಾಗ ತಪ್ಪು ಇರಬಾರ್ದು" ಎಂದಳು ಗುತ್ಯಮ್ಮ. ಸಂಜೆಯವರೆಗೂ ಕೂತು, ಒಂದೊಂದು ಚೀಟಿಯನ್ನೂ ಸುಕ್ಕಿಲ್ಲದಂತೆ ಅಂಗೈಯಿಂದ ಸವರಿ ಸವರಿ ಅಂಟಿಸಿದಳು.