ಪ್ರೆಸ್ಸಿನ ಕೆಳಗೆ ಇಟ್ಟ ಕೈ

ಇವತ್ತು ಬೆಳಿಗ್ಗೆ ಮಿರಜದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹಾಯುವಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಹಳೆಯ ಹೆದರಿಕೆ ನೆನಪಾಯಿತು, ಅದರ ಹಿಂದೆಯೇ ಕಾಕಾ...

ಕುಪವಾಡದ ಸಣ್ಣ ಕಾರ್ಖಾನೆಯಲ್ಲಿ ನಾವು ತಗಡು ಒತ್ತುವ ಪ್ರೆಸ್ಸುಗಳಿಗೆ ಕಂಟ್ರೋಲ್ ಬೋರ್ಡ್ ಮಾಡುತ್ತಿದ್ದೆವು. ಕಾಕಾ ಅದರ ಮಾಲಕರು, ನನಗೆ ಕೆಲಸ ಕಲಿಸಿದವರು, ಸಮಡೋಳಿಯ ಜೈನರು. ಕೆಲಸಗಾರನ ಕೈ ಪ್ರೆಸ್ಸಿನೊಳಗೆ ಇದ್ದರೆ ಸೆನ್ಸರ್ ತಿಳಿಸಬೇಕು, ಬೋರ್ಡು ಪ್ರೆಸ್ಸನ್ನು ತಡೆಯಬೇಕು. ಅವರದೊಂದು ಹುಚ್ಚು ನಿಯಮವಿತ್ತು: ಬೋರ್ಡು ಹೊರಬೀಳುವ ಮುಂಚೆ ಅದರ ಪ್ರೋಗ್ರಾಂ ಬರೆದವರು ಸ್ವಂತ ಕೈ ಇಟ್ಟು ತೋರಿಸಬೇಕು. ತಮ್ಮ ಸರದಿ ಬಂದ ದಿನ ಕಾಕಾ ಬೇಗ ಉಂಡುಬಿಡುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ಅವರ ಧರ್ಮ. ಕೈ ಇರುವಾಗಲೇ ಉಣ್ಣುತ್ತಾರೆ ಎಂಬುದು ನಮ್ಮ ಚೇಷ್ಟೆ.

ಬೋರ್ಡಿಗೆ ಹೊಸ ಪ್ರೊಸೆಸರ್ ಬಂದ ಮೇಲೆ ಚೇಷ್ಟೆ ನಿಂತಿತು. ಮೊದಲು ಕೈಯ ಬದಲು ಕಬ್ಬಿನ ತುಂಡಿಟ್ಟು ನೋಡುವುದು ವಾಡಿಕೆ. ದಿನವಿಡೀ ಬಟನ್ ಒತ್ತಿದರೂ ಪ್ರೆಸ್ಸು ಇಳಿಯಲಿಲ್ಲ. ಸಂಜೆ ಒಮ್ಮೆಲೇ ಇಳಿದು ಕಬ್ಬನ್ನು ಜಜ್ಜಿತು. ರಸ ನನ್ನ ಮುಖಕ್ಕೆ ಸಿಡಿಯಿತು. ನಾನು ನನ್ನ ಬೆರಳು ಮುಟ್ಟಿ ನೋಡಿಕೊಂಡೆ.

ತಪ್ಪು ಹುಡುಕಿದವರು ಕಾಕಾ. ಬೇಗ ಓದಲೆಂದು ಪ್ರೊಸೆಸರ್ ಮೆಮೊರಿಯ ನಕಲೊಂದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸೆನ್ಸರ್ 'ಕೈ ಇದೆ' ಎಂದು ನೇರವಾಗಿ ಮೆಮೊರಿಯಲ್ಲಿ ಬರೆದ ಮೇಲೂ ಒಮ್ಮೊಮ್ಮೆ ಆ ಹಳೆಯ ನಕಲು ಅದರ ಮೇಲೆ ಬಂದು ಬೀಳುತ್ತಿತ್ತು. ಕೈ ಇಲ್ಲವೆಂದೇ ಬೋರ್ಡು ತಿಳಿಯುತ್ತಿತ್ತು. ಕ್ಯಾಶ್ ಪೂರ್ತಿ ಬಂದ್ ಮಾಡಿದರೆ ಪ್ರೆಸ್ಸು ತಡೆಯುವುದು ತಡವಾಗುತ್ತದೆ. ಸೆನ್ಸರ್ ಬರೆಯುವ ಜಾಗವನ್ನಷ್ಟೇ ಬೇರೆ ಮಾಡಿ, ಅದನ್ನು ಮುಟ್ಟದಂತೆ ಕ್ಯಾಶ್ ಕಂಟ್ರೋಲರಿಗೆ ಹೇಳಬೇಕು. ಆ ಸೆಟ್ಟಿಂಗ್ ಬರೆದವಳು ನಾನು.

ಅಂದರೆ ಇಡಬೇಕಾದ ಕೈ ನನ್ನದು...

ಆಮೇಲೆ ಪ್ರೆಸ್ಸು ಕಬ್ಬನ್ನು ಜಜ್ಜಲಿಲ್ಲ, ನಿಜ. ಆದರೆ ಮೊದಲ ಸಲವೂ ಸಂಜೆಯವರೆಗೆ ಜಜ್ಜಿರಲಿಲ್ಲವಲ್ಲ. ಪ್ರೆಸ್ಸಿನ ಮುಂದೆ ನಿಂತೆ, ಕೈ ಏಳಲಿಲ್ಲ.

"ಬಾಜೂಕ ಸರಿ ತಂಗಿ, ನಾ ಇಡ್ತೇನಿ" ಅಂದರು ಕಾಕಾ.

"ಬರದಾಕಿ ನಾನಲ್ಲೇನ್ರಿ ಕಾಕಾ? ನಿಮ್ಮ ಕೈಗೆ ಏನರ ಆದ್ರ?"

"ಬರದಾಕಿ ನೀ. ನೋಡಿ ಹೂಂ ಅಂದಾಂವ ನಾ. ಬಟನ್ ಒತ್ತು."

ಕಣ್ಣು ಮುಚ್ಚಿ ಒತ್ತಿದೆ. ಪ್ರೆಸ್ಸು ಅಲುಗಲಿಲ್ಲ. "ಮತ್ತ" ಅಂದರು. ಕತ್ತಲಾಗುವವರೆಗೆ ಒತ್ತಿಸಿದರು, ಅವತ್ತು ಅವರಿಗೆ ಊಟವೇ ತಪ್ಪಿತು. ಕೈ ಹೊರಗೆ ತೆಗೆದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಅವರಿಗೂ ನನ್ನಷ್ಟೇ ಹೆದರಿಕೆಯಿತ್ತೆಂದು ಆಗಲೇ ನನಗೆ ತಿಳಿದದ್ದು.

ಕಾಕಾ ಈಗಿಲ್ಲ. ಕಾರ್ಖಾನೆ ನಡೆಸುವವಳು ನಾನು. ಹೊಸ ಬೋರ್ಡು ಇವತ್ತು ಹೊರಬೀಳಬೇಕು. ಅದರ ಪ್ರೋಗ್ರಾಂ ಬರೆದ ಹೊಸ ಎಂಜಿನಿಯರ್ ಪ್ರೆಸ್ಸಿನ ಮುಂದೆ ಬಿಳಿಚಿಕೊಂಡು ನಿಂತಿದ್ದಳು. ನೋಡಿ ಹೂಂ ಅಂದವಳು ನಾನು. ಅವಳನ್ನು ಸರಿಸಿ, ಕೈ ಇಡಲು ನಾನೇ ನಿಂತಿದ್ದೇನೆ. ನನ್ನನ್ನು ಸರಿಸುವವರು ಯಾರೂ ಇಲ್ಲ...